ಗಾದಿಗೆ ಚಡ್ಡಿ

"ಅದಕ್ಕೇನ್ ರೊಕ್ಕ ಅಕ್ಕಾ, ಮನ್ಯಾಗ ಕುಂತೇ ಹೊಲೀತೀರಲ್ಲ."

ಸೋಮವಾರದಿಂದ ಈ ಮಾತು ತಲಿಯಾಗಿಂದ ಹೋಗವಲ್ದು. ಬ್ಯಾರೆ ಯಾರಾದ್ರೂ ಅಂದಿದ್ರ ಬಿಟ್ಟುಬಿಡ್ತಿದ್ನೇನೋ, ಅಂದಾಕಿ ನಮ್ಮ ಓಣಿ ಟೇಲರಣ್ಣನ ಹೆಂಡ್ತಿ, ಹೊಲಿಗಿ ರೊಕ್ಕದಾಗೇ ಮನಿ ನಡಸಾಕಿ. ಕೆಟ್ಟಾಕಿ ಅಲ್ಲ ಮತ್ತ, ಓಣ್ಯಾಗ ಯಾರಿಗರ ಏನರ ಆದ್ರ ಮೊದ್ಲು ಓಡಿ ಬರಾಕಿ ಆಕಿನೇ, ಆದ್ರ ಬಾಯಿಗೆ ಬ್ರೇಕಿಲ್ಲ.

ನಮ್ಮ ಅತ್ತಿಯವ್ರಿಗೆ ಸೊಂಟದ ಆಪರೇಷನ್ ಆದಾಗಿಂದ ಹಗಲೂ ರಾತ್ರಿ ಗಾದಿ ಮ್ಯಾಲೇ. ಡ್ರೆಸ್ಸಿಂಗಿಗೆ ಬರೋ ಸಿಸ್ಟರ್ ದಿನಾ ಒಂದೇ ಹೇಳ್ತಿದ್ಲು, ಬೆನ್ನಿನ ಬುಡಕ ಚಾದರ ಸುಕ್ಕಾಗಬಾರ್ದ್ರಿ, ಅದೇ ಒತ್ತಿ ಒತ್ತಿ ಹುಣ್ಣಾಗ್ತದ ಅಂತ. ಹೇಳೋದು ಭಾಳ ಸುಲಭ ನೋಡ್ರಿ. ಕಲಬುರ್ಗಿ ಬ್ಯಾಸಗಿ, ನಲವತ್ತು ಡಿಗ್ರಿ ದಾಟಿದ ಬಿಸ್ಲು, ನಡುರಾತ್ರಿ ಕರೆಂಟ್ ಹೋಯ್ತಂದ್ರ ಮೈತುಂಬ ಬೆವರು, ಆ ಬಾಜು ಈ ಬಾಜು ಹೊಳ್ಳಿ ಹೊಳ್ಳಿ ಬೆಳಗಾಗೋದ್ರಾಗ ಚಾದರೆಲ್ಲಾ ಕಾಲಬುಡಕ ಮುದ್ದಿ ಆಗಿರ್ತದ.

ಅಂಗಡ್ಯಾಗ ಫಿಟೆಡ್ ಚಾದರ, ಅಂದ್ರ ಅಂಚಿಗೆ ಇಲಾಸ್ಟಿಕ್ ಇದ್ದು ಗಾದಿಗೆ ಬಿಗಿಯಾಗಿ ಕೂಡೋದು, ಕೇಳಿದ್ರ "ಕಿಂಗೇನ್ರಿ, ಕ್ವೀನೇನ್ರಿ?" ಅಂತಾರ. ನಮ್ಮದು ರಾಜಾನೂ ಅಲ್ಲ ರಾಣೀನೂ ಅಲ್ಲ, ಮಾವನವ್ರು ಬಡಿಗೇರ ಕಡಿಂದ ಮಾಡ್ಸಿದ ಪಲಂಗ, 6 ಅಡಿ ಉದ್ದ, 4½ ಅಡಿ ಅಗಲ. ಗಾದಿ ಹತ್ತಿದು, ಪಿಂಜಾರರು ಹಿಂಜಿ ತುಂಬಿ ಹೊಲ್ದು ಕೊಟ್ಟಿದ್ದು, 5 ಇಂಚು ದಪ್ಪ. ಅಂಗಡಿ ಚಾದರ 78 ಇಂಚಿನ ಫೋಮ್ ಗಾದಿ ಲೆಕ್ಕದ್ದು, ನಮ್ಮದಕ್ಕ ಹಾಕಿದ್ರ ಸಡಿಲ, ಸಡಿಲಾದ್ರ ಮತ್ತ ಸುಕ್ಕು.

ಹಿಂಗಾಗಿ ಟೇಲರಣ್ಣನ ಅಂಗಡಿಗೆ ಹೋಗಿ ಹಾಳಿ ಮ್ಯಾಲೆ ಚಿತ್ರ ಬರ್ದು ತೋರಿಸ್ದೆ. ಕಟ್ಟಿ ಮ್ಯಾಲೆ ಕುಂತವ್ರಿಗೆಲ್ಲಾ ಕೇಳೋ ಹಂಗ "ಗಾದಿಗೆ ಚಡ್ಡಿ ಹೊಲಸ್ತೀರೇನ್ರಿ ಅಕ್ಕಾ?" ಅಂದ. ನಾನೂ ನಕ್ಕೆ, ನಗು ಬರೋ ಮಾತೇ ಅದು. ಆದ್ರ ಅದರ ಹಿಂದೇ "ಇದು ನಮ್ಮ ಕೆಲಸ ಅಲ್ರಿ, ಮನ್ಯಾಗ ಹೆಣ್ಮಕ್ಕಳು ಮಾಡ್ಕೊಳ್ಳೋದು" ಅಂತ ಹಾಳಿ ವಾಪಸ್ ಕೊಟ್ಟ. ಅವಾಗ ಅದು ಚುಚ್ಚಲಿಲ್ಲ. ಸೋಮವಾರ ಚುಚ್ತು.

ಮನಿಗೆ ಬಂದು ತವರಿಂದ ತಂದ ಕರಿ ಮಷೀನ್ ಒರಸಿ ಎಣ್ಣಿ ಬಿಟ್ಟೆ. 100 ಇಂಚು ಪನ್ನಾದ, ಅಂದ್ರ ಅಗಲದ, ಕಾಟನ್ ಅರಬಿ 2 ಮೀಟರ್ ತಂದೆ, ಪನ್ನಾ ಸಣ್ಣದಿದ್ರ ನಡುವ ಜೋಡು ಬರ್ತದ, ಆ ಜೋಡೇ ಬೆನ್ನಿಗೆ ಒತ್ತಿದ್ರ ಇಷ್ಟೆಲ್ಲಾ ಮಾಡಿ ಏನು ಬಂತು. ಕಾಟನ್ ಮೊದಲ್ನೇ ನೀರಿಗೆ ಕುಗ್ಗೇ ಕುಗ್ತದ, ಅದಕ್ಕ ನೆನಸಿ ಒಣಗ್ಸಿ ಇಸ್ತ್ರಿ ಮಾಡಿನೇ ಕತ್ರಿ ಹಿಡಿಯೋದು. ಪಡಸಾಲ್ಯಾಗ ಶಹಾಬಾದ್ ಫರಸಿ ಅದ ನಮ್ಮಲ್ಲಿ, ಅರಬಿ ಅಂಚು ಫರಸಿ ಸಂದಿಗೆ ಸರಿಯಾಗಿ ಇಟ್ಟು ಸುಣ್ಣದಕಡ್ಡಿಲೆ ಗೆರಿ ಎಳದ್ರ ಸ್ಕೇಲಿನ ಹಂಗಿಲ್ಲ. ಲೆಕ್ಕ ಸಾದಾ: ಗಾದಿ ಉದ್ದ 72, ದಪ್ಪ 5, ಬುಡಕ ಮಡಚಲಿಕ್ಕೆ 4, ಎರಡೂ ಬಾಜು ಹಿಡದ್ರ 18, ಒಟ್ಟು 90. ಅಗಲ 54ಕ್ಕೂ 18 ಕೂಡಿಸಿ 72. ನಾಕೂ ಮೂಲ್ಯಾಗ ಚೌಕ ಕತ್ತರಿಸ್ಬೇಕು, 9 ಅಲ್ಲ 8½, ಅರ್ಧ ಇಂಚು ಹೊಲಿಗಿಗೆ ಬಿಡ್ಬೇಕಲ್ಲ. ಕತ್ತರಿಸಿದ ಎರಡು ಅಂಚು ಕೂಡಿಸಿ ಒಳಗಿಂದ ಹೊಲ್ದ್ರ ಮೂಲಿ ಡಬ್ಬಿ ಹಂಗ ಎದ್ದು ನಿಂದರ್ತದ. ಗಾದಿ ಮೂಲಿ ಬಂದು ಕೂಡೋ ಜಾಗಕ್ಕ ಹಿಂದ ಮುಂದ ಎರಡೆರಡು ಸಲ ಟಾಕಿ ಹಾಕಬೇಕು, ಜಗ್ಗಿದಾಗ ಮೊದ್ಲು ಹರಿಯೋದು ಅಲ್ಲೇ. ಆಮ್ಯಾಲೆ ಸುತ್ತೂ ಅಂಚು ಮಡಚಿ ಹೊಲ್ದು ಒಂದು ಇಂಚು ನೇಫಾ, ಅದರಾಗ ಸೇಫ್ಟಿ ಪಿನ್ನಿಗೆ ಇಲಾಸ್ಟಿಕ್ ಸಿಗ್ಸಿ ತೂರ್ಸೋದು. ಸುತ್ತಳತಿ 252 ಇಂಚು, ಇಲಾಸ್ಟಿಕ್ ಅದರ ಮೂರರಾಗ ಎರಡು ಪಾಲು, ನಾಲ್ಕೂಕಾಲು ಮೀಟರ್. ಬಾಲ ಒಳಗ ಜಾರ್ದಂಗ ಇನ್ನೊಂದು ಪಿನ್ ಹಾಕಿಡ್ರಿ, ಜಾರಿದ್ರ ದೇವ್ರೇ ಗತಿ.

ಹಾಸಿದ್ಮ್ಯಾಲೆ ಅತ್ತಿಯವ್ರು ಮಲಗಿದಲ್ಲೇ ಅಂಗೈಲೆ ಸವರಿ ನೋಡಿದ್ರು. "ಜೋಡು ಎಲ್ಲಿ ಹಾಕೀದಿ?" ಜೋಡೇ ಇಲ್ಲಂದೆ. "ಹೂಂ" ಅಂದ್ರು. ಅವ್ರ ಬಾಯಾಗ ಹೂಂ ಬರೋದು ಅಂದ್ರ ಏನಂತ ನಮ್ಮ ಮನ್ಯಾಗಿದ್ದವ್ರಿಗೇ ಗೊತ್ತು.

ಅದನ್ನ ನೋಡಿದ್ಲು ಟೇಲರಣ್ಣನ ಹೆಂಡ್ತಿ. ತಮಗೂ ಎರಡು ಬೇಕಂತ, ಕೂಸು ರಾತ್ರಿ ಒದ್ದಾಡ್ತದಂತ. ಹೊಲ್ದು ಕೊಡ್ತೀನಿ, ಏನು ಕೊಡ್ತೀರಿ ಅಂತ ನಕ್ಕೋತನೇ ಕೇಳ್ದೆ. ಅವಾಗ ಬಂದಿದ್ದು ಆ ಮಾತು. ಮನ್ಯಾಗ ಕುಂತೇ ಹೊಲೀತೀರಲ್ಲ.

ಅಲ್ರಿ, ಅವ್ರ ಯಜಮಾನ್ರು ಎಲ್ಲಿ ಕುಂತು ಹೊಲೀತಾರ? ಅದೇ ಓಣಿ, ಅದೇ ಕಾಲಿಲೆ ತುಳಿಯೋ ಮಷೀನ್, ಅದೇ ರೀಲು. ಅಂಗಡ್ಯಾಗ ಲೈನಿಂಗ್ ಬ್ಲೌಸಿಗೆ 500 ಎಣ್ಸಿ ತೊಗೋತಾರ, ನಾನೂ ಮಾತಾಡ್ದೆ ಕೊಟ್ಟೀನಿ. ಶಟರ್ ಇದ್ರ ಕಸಬು, ಪಡಸಾಲಿ ಆದ್ರ ಟೈಮ್ ಪಾಸು. ಅತ್ತಿಯವ್ರು ಕಾಲಾಗ ಶಕ್ತಿ ಇದ್ದಾಗ ಹಳೇ ಸೀರಿ ಪದರ ಪದರ ಇಟ್ಟು ಕೌದಿ ಹೊಲ್ದು ಹೊಲ್ದು ಇಡೀ ಬಳಗಕ್ಕ ಹಂಚ್ಯಾರ, ಬೆರಳ ತುದಿ ಇನ್ನೂ ಗಟ್ಟಿ ಅದಾವ, ಹೆಣ್ಮಕ್ಕಳ ಬಾಣಂತನದಾಗ ಕೌದಿ, ಮದವ್ಯಾಗ ಕೌದಿ, ಒಬ್ಬರರ ಕೈಯಾಗ ಹತ್ತು ರೂಪಾಯಿ ಇಟ್ಟಿದ್ದು ನಂಗ ನೆನಪಿಲ್ಲ. ಈಗ ಅಂಥದ್ದೇ ಕೌದಿ ದೊಡ್ಡ ಊರಾಗ ಎಕ್ಸಿಬಿಷನ್ನಿಗೆ ಇಡ್ತಾರ, ಚೀಟಿ ಮ್ಯಾಲಿನ ರೇಟ್ ನೋಡಿ ನಮ್ಮನಿಯವ್ರು ಫೋಟೋ ತಗದು ಕಳ್ಸಿದ್ರು, ಅತ್ತಿಯವ್ರಿಗೆ ತೋರಿಸ್ಬ್ಯಾಡ ಅಂತ ಬ್ಯಾರೆ ಬರ್ದಿದ್ರು. ತೋರಿಸ್ದೆ ನಾನು. "ಟಾಕಿ ದೂರ ದೂರ ಅದಾವ" ಅಂದ್ರು, ಅಷ್ಟೇ.

ಟೇಲರಣ್ಣನ ಅಂಗಡ್ಯಾಗ ಬಸವಣ್ಣನ ಫೋಟೋ ಅದ, ಕೆಳಗ ಕಾಯಕವೇ ಕೈಲಾಸ ಅಂತ ಬಂಗಾರದ ಅಕ್ಷರದಾಗ. ಇಲ್ಲೇ ಬೀದರ ಜಿಲ್ಲಾದ ಬಸವಕಲ್ಯಾಣದಾಗ ಕೂಡಿದ ಶರಣರೊಳಗ ಸೂಜಿಕಾಯಕದ ರಾಮಿತಂದೆ ಅಂತ ಒಬ್ರು, ನೂಲು ತೆಗಿಯೋ ಕದಿರ ರೆಮ್ಮವ್ವ ಅಂತ ಒಬ್ಬಾಕಿ, ಇಬ್ಬರ ಹೆಸರಿನ ಮುಂದೂ ಕೆಲಸ ಕುಂತದ. ರೆಮ್ಮವ್ವನ ರಾಟಿ ಎಲ್ಲಿತ್ತೋ ಏನೋ, ಶಟರ್ ಇದ್ದಂಗ ಕಾಣಂಗಿಲ್ಲ.

ನಮ್ಮನಿಯವ್ರು "ಎರಡು ಚಾದರಕ್ಕ ಯಾಕಿಷ್ಟು, ಸುಮ್ನ ಹೊಲ್ದು ಕೊಡು" ಅಂತಾರ. ಅವ್ರಿಗೇನು, ಇಲಾಸ್ಟಿಕ್ ತೂರ್ಸೋರು ಅವ್ರಲ್ಲ. ನಿನ್ನೆ ರಾತ್ರಿ ವಾಟ್ಸಾಪ್ ಹಾಕೀನಿ: ಅರಬಿ ನಿಮ್ದು, ನೆನಸಿ ಒಣಗ್ಸಿ ತರ್ರಿ, ಇಲಾಸ್ಟಿಕ್ ರೊಕ್ಕ ಬ್ಯಾರೆ, ಹೊಲಿಗಿ ಒಂದಕ್ಕ 150. ನೀಲಿ ಟಿಕ್ ಬಿದ್ದದ, ಉತ್ತರ ಇಲ್ಲ. ಇವತ್ತು ಮುಂಜಾನಿ ಹಾಲಿಗೆ ಹೋದಾಗ ಟೇಲರಣ್ಣ ಶಟರ್ ಎತ್ತಲಿಕ್ಕತ್ತಿದ್ದ, ನನ್ನ ನೋಡಿ "ಏನಕ್ಕಾ, ರೇಟ್ ಜಾಸ್ತಿ ಆಯ್ತಲ್ಲ?" ಅಂದ. ಚಡ್ಡಿ ದೊಡ್ಡದದಲ್ಲಪ್ಪಾ ಅಂದು ಮುಂದ ಬಂದೆ.