ಶುಕ್ರವಾರಕ್ಕೆ ಮುಂಚಿನ ಗುರುವಾರ

ಚಿತ್ರನಿರ್ಮಾಣ ಸಂಸ್ಥೆಯಲ್ಲಿ ಬಿಡುಗಡೆಯ ಹೊಣೆ ಹೊತ್ತವರಿಗೆ ಗುರುವಾರ ಮುಗಿಯುವುದೇ ಇಲ್ಲ. ಕಥೆ, ಕಾಲ್‌ಶೀಟು, ಬಜೆಟ್ಟು ಎಲ್ಲ ಆಗಿಹೋದ ಮಾತು. ಅಂದು ಗಾಂಧಿನಗರದಿಂದ ಬರುವ ಪ್ರತಿ ಫೋನಿನಲ್ಲೂ ಒಂದೇ ಪ್ರಶ್ನೆ: "ಸರ್, ಕೀ ಬಂತಾ?"

ಡಿಸಿಪಿಯಲ್ಲಿ, ಅಂದರೆ ಚಿತ್ರವನ್ನು ಡಿಜಿಟಲ್ ಫೈಲುಗಳ ಕಟ್ಟಾಗಿ ಪಡೆದು, ನಡೆಯುವ ಥಿಯೇಟರಿಗೆ ಚಿತ್ರ ಬೀಗ ಹಾಕಿಕೊಂಡೇ ಹೋಗುತ್ತದೆ. ತೆರೆಯುವುದು ಕೆಡಿಎಂ ಎಂಬ ಕೆಲವೇ ಕಿಲೋಬೈಟಿನ ಫೈಲು, ಅದೇ ಈ ಕೀ. ಅದನ್ನು ಆಯಾ ಪರದೆಯ ಸರ್ವರಿನ ಸರ್ಟಿಫಿಕೇಟಿಗೆ ಹೊಂದಿಸಿಯೇ ಮಾಡಿರುತ್ತಾರೆ. ಥಿಯೇಟರಿನವರು ರಿಪೇರಿಗೆಂದು ಸರ್ವರ್ ಬದಲಿಸಿ ಹೇಳದಿದ್ದರೆ ಕಳಿಸಿದ ಕೀ ದಂಡ. ಬಿ.ಕೆ.ಟಿ.ಯಿಂದ (ಬೆಂಗಳೂರು, ಕೋಲಾರ, ತುಮಕೂರು ವಿತರಣಾ ಪ್ರದೇಶ) ಹಿಡಿದು ಎಲ್ಲ ಏರಿಯಾದ ಸರ್ವರುಗಳ ಸೀರಿಯಲ್ ನಂಬರುಗಳನ್ನು ಎರಡು ದಿನ ಮೊದಲೇ ಫೋನಿನಲ್ಲಿ ತಾಳೆ ನೋಡುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಹೆಚ್ಚು ಎಡವಟ್ಟಾಗುವುದು ಗಂಟೆಯಲ್ಲಿ. ಬೆಳಿಗ್ಗೆ 6ಕ್ಕೆ ತೆರೆಯಬೇಕಾದ ಕೀಯಲ್ಲಿ ಭಾರತದ ಸಮಯ ಸೂಚಿಸುವ +05:30 ಬದಲು ಗ್ರೀನಿಚ್ ಸಮಯದ +00:00 ಎಂದು ಬಿದ್ದರೆ ಅದು ತೆರೆಯುವುದು 11:30ಕ್ಕೆ. ಅಷ್ಟರಲ್ಲಿ ಅಭಿಮಾನಿಗಳ ಮೊದಲ ಶೋ ಹಾಳಾಗಿರುತ್ತದೆ. ಅಮೆರಿಕದ ಲೆಕ್ಕ ಇನ್ನೂ ಬೇರೆ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕನ್ನಡಿಗರು ಗುರುವಾರ ಸಂಜೆ 6ಕ್ಕೆ ಪ್ರೀಮಿಯರ್‌ಗೆ ಕೂತಾಗ ನಮಗೆ ಶುಕ್ರವಾರ ನಸುಕಿನ 3:30. ಅಲ್ಲಿ ಕೀ ಕೈಕೊಟ್ಟರೆ ಇಲ್ಲಿ ಫೋನೆತ್ತಲು ಒಬ್ಬರು ಎಚ್ಚರವಿರಲೇಬೇಕು.

ಕೊನೇ ಗಳಿಗೆಯಲ್ಲಿ "ಎರಡು ನಿಮಿಷ ಟ್ರಿಮ್ ಮಾಡೋಣ" ಎನ್ನುವ ನಿರ್ದೇಶಕರಿಗೆ ಬೇಡವೆಂದು ಗಟ್ಟಿಯಾಗಿ ಹೇಳುವುದೂ ಈ ಹುದ್ದೆಯ ಕೆಲಸವೇ. ಕತ್ತರಿಸಿದ ಚಿತ್ರಕ್ಕೆ ಹೊಸ ಸಿಪಿಎಲ್ (ಚಿತ್ರ, ಧ್ವನಿಯ ಫೈಲುಗಳು ಓಡಬೇಕಾದ ಕ್ರಮದ ಪಟ್ಟಿ) ಆಗುತ್ತದೆ, ಅದರ ಐಡಿ ಬೇರೆ. ಹಳೆಯ ಕೀಗಳು ಅದನ್ನು ತೆರೆಯುವುದಿಲ್ಲ. ಅಷ್ಟೂ ಪರದೆಗೆ ಹೊಸದಾಗಿ ಮಾಡಿಸಬೇಕು. ಸೆನ್ಸಾರ್ ಆದ ಮೇಲಿನ ಬದಲಾವಣೆಯನ್ನು ಮಂಡಳಿಗೆ ತಿಳಿಸಿ ಒಪ್ಪಿಗೆಯನ್ನೂ ಪಡೆಯಬೇಕು.

ರಾತ್ರಿ ಟೆಸ್ಟ್ ಶೋ. ಮೊದಲ ಐದು ನಿಮಿಷ, ಇಂಟರ್ವಲ್‌ನ ಹಿಂದೆಮುಂದೆ, ಕೊನೆಯ ಐದು ನಿಮಿಷ ನೋಡುತ್ತೇವೆ. ತಂಬಾಕಿನ ದೃಶ್ಯವಿದ್ದರೆ ಆರಂಭದಲ್ಲೂ ನಡುವೆಯೂ 30 ಸೆಕೆಂಡಿನ ಎಚ್ಚರಿಕೆ ಇದೆಯೇ, ಹೆಚ್ಚು ಅಗಲದ ಸ್ಕೋಪ್ ಚಿತ್ರಕ್ಕೆ ಕಡಿಮೆ ಅಗಲದ ಫ್ಲಾಟ್ ಚಿತ್ರದ ಲೆನ್ಸ್ ಸೆಟ್ಟಿಂಗ್ ಉಳಿದಿದೆಯೇ ಎಂಬುದೆಲ್ಲ ಬೇಗ ಕಣ್ಣಿಗೆ ಬೀಳುತ್ತದೆ. ಕಿವಿ ಇಡಬೇಕಾದದ್ದು ಸೆಂಟರ್ ಸ್ಪೀಕರಿಗೆ. 5.1 ಧ್ವನಿ ವ್ಯವಸ್ಥೆಯಲ್ಲಿ ಮಾತು ಬಹುಪಾಲು ಅಲ್ಲಿಂದಲೇ ಬರುತ್ತದೆ. ಅದು ಸತ್ತಿದ್ದರೆ ಹಾಡು ಅಬ್ಬರಿಸುತ್ತದೆ, ಸಂಭಾಷಣೆ ಮಾತ್ರ ಕೇಳುವುದಿಲ್ಲ. ಜನ ಬೈಯುವುದು ಪಾಪ ಮಿಕ್ಸಿಂಗ್ ಮಾಡಿದವರನ್ನು. ಮಿಕ್ಸಿಂಗ್ ಆಗಿರುವುದು ಫೇಡರ್, ಅಂದರೆ ಧ್ವನಿಯ ಮಟ್ಟ, 7ರಲ್ಲಿ. ಥಿಯೇಟರಿನಲ್ಲಿ 4ಕ್ಕೆ ಇಳಿಸಿದ್ದರೆ ಆಪರೇಟರ್ ಜೊತೆ ಕೂತು, ಸಂಭಾಷಣೆಯ ಒಂದು ದೃಶ್ಯ ಹಾಕಿಸಿ, ಏರಿಸಿಯೇ ಹೊರಡಬೇಕು.