ಹೆಸರು ಬದಲಾದ ಟೇಬಲ್, ಉಳಿದ ಕೊಂಡಿ

12 ಮಾರ್ಚ್ 2024, ಮಂಗಳವಾರ

ಎಲ್ಲರೂ ಹೊರಟ ಮೇಲೂ ನನ್ನ ಸಹೋದ್ಯೋಗಿ ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ನಾಳೆ ನಮ್ಮ ಡೇಟಾಬೇಸ್‌ನ ‘ಕಸ್ಟಮರ್’ ಟೇಬಲ್ಲಿಗೆ ‘ಅಕೌಂಟ್’ ಅಂತ ಹೆಸರಿಡಬೇಕು.

“ಆರ್ಡರ್, ಬಿಲ್ ಎಲ್ಲಾ ಇದಕ್ಕೇ ಜೋಡಿಸಿಕೊಂಡಿವೆ. ಫಾರಿನ್ ಕೀಗಳನ್ನ ಮೊದಲು ಡ್ರಾಪ್ ಮಾಡಿ, ಹೆಸರು ಬದಲಿಸಿ, ಆಮೇಲೆ ವಾಪಸ್ ಸೇರಿಸ್ಲಾ?” ಅಂತ ಕೇಳಿದಳು.

ಬೇಡವೇ ಬೇಡ ಅಂದೆ. ಫಾರಿನ್ ಕೀ ಅಂದರೆ ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಅದು ಟೇಬಲ್ಲಿನ ಹೆಸರನ್ನು ನಂಬಿಕೊಂಡಿಲ್ಲ. ಪ್ರತಿ ಟೇಬಲ್ಲಿಗೆ ಒಳಗೊಂದು ಓಐಡಿ (ಗುರುತಿನ ಸಂಖ್ಯೆ), ಪ್ರತಿ ಕಾಲಂಗೆ ಒಂದು ನಂಬರ್. ಡೇಟಾಬೇಸ್ ತನ್ನದೇ ವಿವರ ಬರೆದಿಡುವ ಕ್ಯಾಟಲಾಗ್‌ನಲ್ಲಿ ಕೀ ಹಿಡಿದಿರುವುದು ಅವನ್ನೇ. ರಿನೇಮ್ ಮಾಡಿದರೆ ಹೆಸರಷ್ಟೇ ಬದಲಾಗುತ್ತದೆ, ಕೊಂಡಿ ಅಲುಗುವುದಿಲ್ಲ. ಡ್ರಾಪ್ ಮಾಡಿದರೋ, ಆ ಸಂದಿಯಲ್ಲೇ ಗ್ರಾಹಕರೇ ಇಲ್ಲದ ಅನಾಥ ಸಾಲುಗಳು ನುಸುಳಬಹುದು. ಮತ್ತೆ ಸೇರಿಸುವಾಗ ಇಡೀ ಟೇಬಲ್ ತಪಾಸಣೆ, ಅದು ಮುಗಿಯುವವರೆಗೆ ಬರೆಯುವವರೆಲ್ಲ ಕಾಯಬೇಕು. ‘ಆನ್ ಡಿಲೀಟ್ ಕ್ಯಾಸ್ಕೇಡ್’ (ಮೂಲ ಸಾಲು ಅಳಿಸಿದರೆ ಅದಕ್ಕೆ ಜೋಡಿಸಿದವೂ ಅಳಿಯಲಿ ಅನ್ನುವುದು) ಟೈಪ್ ಮಾಡುವುದು ಮರೆತರೆ ಆ ನಿಯಮವೇ ಹೋಯಿತು.

ಟೆಸ್ಟ್ ಡೇಟಾಬೇಸ್‌ನಲ್ಲಿ ಮಾಡಿ ನೋಡಿದಳು. ಆರ್ಡರ್ ಟೇಬಲ್ಲಿನ ವಿವರದಲ್ಲಿ ‘ರೆಫರೆನ್ಸಸ್ ಅಕೌಂಟ್’ ಅಂತ ತಾನಾಗಿಯೇ ಬಂತು. ಮುಖ ಅರಳಿತು. ನನಗೂ ಖುಷಿ ಆಯಿತು.

ಆದರೆ ಕಾನ್‌ಸ್ಟ್ರೇಂಟ್‌ನ, ಅಂದರೆ ಆ ಫಾರಿನ್ ಕೀ ನಿಯಮದ, ಸ್ವಂತ ಹೆಸರಿನಲ್ಲಿ ‘ಕಸ್ಟಮರ್’ ಹಾಗೇ ಉಳಿದಿತ್ತು. ಅದನ್ನು ಬೇರೆಯಾಗಿ ರಿನೇಮ್ ಮಾಡಬೇಕು. ಮಾಡದಿದ್ದರೂ ಕೆಲಸ ನಿಲ್ಲುವುದಿಲ್ಲ. ಆದರೂ ಮುಂದೆ ಎರರ್ ಮೆಸೇಜ್ ಓದುವವರಿಗೆ ಗೊಂದಲ ಅಲ್ವಾ? ವ್ಯೂಗಳು (ಹೆಸರಿಟ್ಟು ಉಳಿಸಿದ ಕ್ವೆರಿಗಳು) ಹೊಸ ಹೆಸರನ್ನು ಹಿಂಬಾಲಿಸುತ್ತವೆ. ಪೋಸ್ಟ್‌ಗ್ರೆಸ್‌ನದೇ ಭಾಷೆ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ಬರೆದ ಫಂಕ್ಷನ್‌ಗಳು ಹಾಗಲ್ಲ, ಅವುಗಳ ಒಡಲು ಬರೀ ಪಠ್ಯ. ಹಳೆ ಹೆಸರು ಅಲ್ಲಿದ್ದರೆ ಓಡಿಸಿದಾಗಲೇ ಬೀಳುವುದು. ನನ್ನ ಭಯವೆಲ್ಲ ಅಲ್ಲಿದೆ. ಈ ಬದಲಾವಣೆಯ ಆದೇಶಗಳಿರುವ ಮೈಗ್ರೇಶನ್ ಫೈಲ್ ಕೂಡ ಕಣ್ಣಿಟ್ಟು ಓದು ಅಂದೆ. ಕೆಲವು ಟೂಲ್‌ಗಳು ಕಾಲಂ ರಿನೇಮನ್ನು ‘ಹಳೆಯದನ್ನು ಅಳಿಸು, ಹೊಸದನ್ನು ಸೇರಿಸು’ ಅಂತ ಬರೆದುಬಿಡುತ್ತವೆ. ಕಾಲಮ್ಮಿನ ಜೊತೆ ಡೇಟಾ ಹೋಗುತ್ತದೆ, ಕೀಯೂ ಹೋಗುತ್ತದೆ.

ಸುಸ್ತಾಗಿದೆ. ಮಲಗಬೇಕು, ಆದರೆ ಈಗ ಫೋನ್ ಆ್ಯಪ್ ನೆನಪಾಯಿತು. ಅಲ್ಲಿರುವುದು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್. 2018ರ ಕೊನೆಗೆ ಬಂದ 3.26 ಆವೃತ್ತಿಯಿಂದ ಟೇಬಲ್ ಹೆಸರು ಬದಲಿಸಿದರೆ ಫಾರಿನ್ ಕೀಗಳೂ ಬದಲಾಗುತ್ತವೆ. ಅದಕ್ಕಿಂತ ಹಳೆಯದರಲ್ಲಿ ‘ಫಾರಿನ್ ಕೀಸ್’ ಪ್ರಾಗ್ಮಾ (ಒಂದು ಸೆಟ್ಟಿಂಗ್) ಆನ್ ಇದ್ದರೆ ಮಾತ್ರ. ಹಳೆ ಫೋನುಗಳಲ್ಲಿ ಹಳೆ ಎಸ್‌ಕ್ಯೂಲೈಟೇ ಇರುತ್ತದೆ. ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ ಅನ್ನುವ ಬದಲಾವಣೆಗಳ ಕಟ್ಟು) ಶುರುವಾದ ಮೇಲೆ ಆ ಪ್ರಾಗ್ಮಾ ಹಾಕಿದರೆ ಏನೂ ಆಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅಪ್‌ಗ್ರೇಡ್ ನಡೆಯುವುದೇ ಟ್ರಾನ್ಸಾಕ್ಷನ್ ಒಳಗೆ. ಅಂದರೆ ನಾವು ಅದನ್ನು ಆನ್ ಮಾಡುತ್ತಿರುವುದು ಅಪ್‌ಗ್ರೇಡ್‌ಗೆ ಮೊದಲು ಓಡುವ ಆನ್‌ಕಾನ್ಫಿಗರ್‌ನಲ್ಲೋ, ಇಲ್ಲಾ ಅದಾದ ಮೇಲೆ ಓಡುವ ಆನ್‌ಓಪನ್‌ನಲ್ಲೋ...