ಎರಡು ಅಕ್ಟೋಬರ್ ಇದ್ದ ಕಾರು

ಮಿಷಿಗನ್‌ನಲ್ಲಿ ನಾನು ಮಾಡುವ ಕೆಲಸ ಏನು ಅಂತ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಅರ್ಥ ಮಾಡಿಸೋಕೆ ಆಗಿಲ್ಲ. "ಹಳೇ ಕಾರು ನೋಡಿ ಹೇಳೋದಮ್ಮ" ಅಂದರೆ "ಗುಜರೀನಾ?" ಅನ್ನುತ್ತಾರೆ. ಪೂರ್ತಿ ತಪ್ಪೂ ಅಲ್ಲ ಬಿಡಿ, ಕೆಲವು ಕಾರು ಹಾಗೇ ಇರುತ್ತವೆ.

1960ರ ದಶಕದ ಕೊನೆ, 70ರ ದಶಕದ ಶುರುವಿನ ಅಮೆರಿಕನ್ ಮಸಲ್ ಕಾರುಗಳನ್ನು (ಭಾರೀ ಶಕ್ತಿಯ ಇಂಜಿನ್ನಿನ ಕಾರುಗಳು) ಯಾರಾದರೂ ಕೊಳ್ಳುವ ಮುಂಚೆ, ಕಾರು ಹೇಳಿದ ಹಾಗೇ ಇದೆಯಾ ಅಂತ ನೋಡಿ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ಬೆಂಗಳೂರಲ್ಲಿ ಸೈಟ್ ತಗೊಳ್ಳುವಾಗ ಮದರ್ ಡೀಡ್, ಇಸಿ ಎಲ್ಲ ಲಾಯರ್‌ಗೆ ತೋರಿಸುತ್ತೀವಲ್ಲ, ಹಾಗೇ ಇದು. ವ್ಯತ್ಯಾಸ ಅಂದರೆ ಇಲ್ಲಿ ದಾಖಲೆ ಕಾಗದದ ಮೇಲೆ ಕಡಿಮೆ, ಕಬ್ಬಿಣದ ಮೇಲೆ ಜಾಸ್ತಿ.

ಈ ಕೆಲಸಕ್ಕೆ ಬರೋ ಮುಂಚೆ ಪೀಣ್ಯದ ಒಂದು ಮಷೀನ್ ಶಾಪಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಲೋಹದ ಮೇಲೆ ಟೂಲ್ ಬಿಟ್ಟ ಗೆರೆ ನೋಡಿದರೆ ಯಾವ ಮಷೀನ್ ಅಂತ ಹೇಳುತ್ತಿದ್ದೆ. ಅದೇ ಕಣ್ಣಿನ ಮೇಲೆ ಇಲ್ಲಿ ಕೆಲಸ ಸಿಕ್ಕಿತು. ಅದೇ ಕಣ್ಣು ಸರಿಯಾಗಿ ಹೇಳಿದ್ದನ್ನು ನಾನು ನಂಬದೆ ಒಮ್ಮೆ ಎಡವಿದೆ. ಅದನ್ನೇ ಈಗ ಬರೆಯುತ್ತಿರುವುದು.

ಕಾರು 1969ರ ಷೆವರ್ಲೆ ಕಮಾರೊ, ಝೀ28. ಇದರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಆ ಕಾಲದಲ್ಲಿ ಟ್ರಾನ್ಸ್-ಆಮ್ ರೇಸಿಗೆ 305 ಘನ ಇಂಚಿನ ಇಂಜಿನ್ ಮಿತಿ ಇತ್ತು. ಅದರೊಳಗೆ ಬರಲಿ ಅಂತ ಷೆವರ್ಲೆಯವರು ತಮ್ಮ 327 ಘನ ಇಂಚಿನ ಇಂಜಿನ್ನಿನ ಬ್ಲಾಕಿಗೆ (ಸಿಲಿಂಡರ್‌ಗಳಿರುವ ಮುಖ್ಯ ಎರಕ) 283ರ ಕ್ರ್ಯಾಂಕಿನ ಅಳತೆ ಕೂಡಿಸಿ 302 ಮಾಡಿದರು. 1967ರಲ್ಲಿ ಇಂಥ ಕಾರು 602 ಮಾತ್ರ ಬಂದವು. 1969ರಲ್ಲಿ 20,302. ಅಂದರೆ 69ರದ್ದು ತೀರಾ ಅಪರೂಪ ಅಲ್ಲ. ಆದರೆ ಬೇಡಿಕೆ ಸಿಕ್ಕಾಪಟ್ಟೆ. ಸಾದಾ ಕಮಾರೊಗೂ ಇದಕ್ಕೂ ಮೈಕಟ್ಟು ಒಂದೇ. ಪಟ್ಟೆ ಬಳಿದು ಬ್ಯಾಡ್ಜ್ ಅಂಟಿಸಿದರೆ ದೂರದಿಂದ ಯಾರಿಗೂ ಗೊತ್ತಾಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ದಿನಾ ನೆನಪಿಸೋ ಕೆಲಸ ಇದು.

ಚಾಸಿಸ್ ನಂಬರ್ ನೋಡಿದರೆ ಆಯ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ತೊಂದರೆ ಇರೋದೇ ಅಲ್ಲಿ. 124379ಎನ್ ಅಂತ ಶುರುವಾದರೆ ಷೆವರ್ಲೆ, ವಿ8 ಇಂಜಿನ್ನಿನ ಕಮಾರೊ, ಎರಡು ಬಾಗಿಲಿನ ಕೂಪೆ, 1969ನೇ ಮಾಡೆಲ್, ಓಹಾಯೊದ ನಾರ್ವುಡ್ ಕಾರ್ಖಾನೆ, ಅಷ್ಟೇ. ಅದು ಝೀ28 ಹೌದೋ ಅಲ್ಲವೋ ಅಂತ ನಂಬರ್ ಬಾಯಿ ಬಿಡಲ್ಲ. ಝೀ28 ಅನ್ನುವುದು ಆರ್ಡರ್ ಫಾರಂನಲ್ಲಿ ಟಿಕ್ ಮಾಡುವ ಒಂದು ಆಪ್ಷನ್ನು, ಬೇರೆ ಮಾಡೆಲ್ ಅಲ್ಲ.

ಕ್ರೈಸ್ಲರ್ ಕಂಪನಿಯವರು ಈ ವಿಷಯದಲ್ಲಿ ಪುಣ್ಯಾತ್ಮರು. ಅವರ ಚಾಸಿಸ್ ನಂಬರಿನ ಐದನೇ ಅಕ್ಷರವೇ ಇಂಜಿನ್ ಯಾವುದು ಅಂತ ಹೇಳುತ್ತದೆ. 1970ರ ಪ್ಲಿಮತ್ ಕುಡಾದಲ್ಲಿ ಅಲ್ಲಿ 'ಆರ್' ಇದ್ದರೆ 426 ಹೆಮಿ ಇಂಜಿನ್. ಫೋರ್ಡ್‌ನಲ್ಲೂ ಇಂಜಿನ್ನಿಗೆ ಒಂದು ಅಕ್ಷರ ಇದೆ. ಪಾಂಟಿಯಾಕ್ ಜಿಟಿಒ ಮಾತ್ರ ಅರ್ಧ ದಾರಿ. 1964, 65ರಲ್ಲಿ ಅದು ಆಪ್ಷನ್, ನಂಬರಲ್ಲಿ ಸುಳಿವಿಲ್ಲ. 66ರಿಂದ ಬೇರೆ ಮಾಡೆಲ್, ನಂಬರ್ 242ರಿಂದ ಶುರು. ಷೆವರ್ಲೆಯದೇ ಷೆವೆಲ್ ಎಸ್‌ಎಸ್ ಇದರ ಉಲ್ಟಾ. 66ರಿಂದ 68ರವರೆಗೆ ಬೇರೆ ಮಾಡೆಲ್, 69ರಲ್ಲಿ ಆಪ್ಷನ್. ತಲೆ ಕೆಡುತ್ತದೆ ಅಲ್ವಾ? ನನಗೂ ಮೊದಲ ಆರು ತಿಂಗಳು ಹಾಗೇ ಆಗಿತ್ತು.

ಹೊರಗಿನಿಂದ ವರ್ಷ ಗುರುತಿಸೋದು ಸುಲಭ. 67ರ ಕಮಾರೊ ಬಾಗಿಲಿಗೆ ಮುಂದೆ ಪುಟ್ಟ ತ್ರಿಕೋನದ ಗಾಜು ಇರುತ್ತದೆ. 68ಕ್ಕೆ ಅದು ಹೋಯಿತು, ಕಾನೂನಿನ ಪ್ರಕಾರ ಪಕ್ಕದಲ್ಲಿ ಸೈಡ್ ಮಾರ್ಕರ್ ದೀಪ ಬಂತು. 69ಕ್ಕೆ ಚಕ್ರದ ಕಮಾನಿನಿಂದ ಹಿಂದಕ್ಕೆ ಓಡುವ ಮಡಿಕೆ ಬಂತು, ಕೀಲಿ ಡ್ಯಾಶ್‌ಬೋರ್ಡಿನಿಂದ ಸ್ಟೇರಿಂಗ್ ಕಾಲಮ್ಮಿಗೆ ಇಳಿಯಿತು. ಇದನ್ನೆಲ್ಲ ಮಕ್ಕಳೂ ಕಲಿಯಬಹುದು. ಕಷ್ಟ ಇರೋದು ಒಂದೇ ವರ್ಷದ ಒಳಗೆ ಆದ ಬದಲಾವಣೆಗಳಲ್ಲಿ.

ಆ ಕಾರು ಮಾರುತ್ತಿದ್ದವರು ನಿವೃತ್ತ ಟೂಲ್‌ಮೇಕರ್. ಎಪ್ಪತ್ತು ದಾಟಿದ ಮನುಷ್ಯ. ಮಾತು ಕಡಿಮೆ. ಗ್ಯಾರೇಜ್ ಬಾಗಿಲು ತೆಗೆದು, ಒಂದು ಸ್ಟೂಲ್ ಕೊಟ್ಟು, "ಏನು ಬೇಕೋ ನೋಡಿಕೊಳ್ಳಿ" ಅಂತ ಮೂಲೆಯಲ್ಲಿ ಕೂತರು. ಕೊಳ್ಳುವವರು ಬೇರೆ ರಾಜ್ಯದಲ್ಲಿದ್ದರು. ನನ್ನ ರಿಪೋರ್ಟ್ ಮೇಲೆ ದುಡ್ಡು ಕಳಿಸುವ ಮಾತಾಗಿತ್ತು.

ಮೊದಲು ಇಂಜಿನ್, ಕಾರ್ಖಾನೆಯಲ್ಲಿ ಕೂರಿಸಿದ್ದೇ ಇದೆಯಾ ಅಂತ. ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ, ಬೆಂಕಿಪೊಟ್ಟಣದಷ್ಟು ಸಮತಟ್ಟಾದ ಜಾಗ ಇರುತ್ತದೆ. ಅದನ್ನು ಪ್ಯಾಡ್ ಅನ್ನುತ್ತಾರೆ. ಆಲ್ಟರ್ನೇಟರ್ ಪಕ್ಕಕ್ಕೆ ಸರಿಸಿ, ಹತ್ತಿ ಬಟ್ಟೆಗೆ ಥಿನ್ನರ್ ಹಚ್ಚಿ ಮೆಲ್ಲಗೆ ಒರೆಸಿದೆ. ಎಣ್ಣೆ ಜಿಡ್ಡು ಹೋದ ಮೇಲೆ ಅಕ್ಷರ ಕಂಡವು. ವಿ0925ಡಿಝೀ. 'ವಿ' ಅಂದರೆ ಫ್ಲಿಂಟ್ ಇಂಜಿನ್ ಪ್ಲಾಂಟ್. 0925 ಅಂದರೆ ಸೆಪ್ಟೆಂಬರ್ 25. 'ಡಿಝೀ' ಅಂದರೆ 69ರ 302. ಪಕ್ಕದಲ್ಲೇ ಚಾಸಿಸ್ ನಂಬರಿನ ತುಂಡು, ಕಾರಿನದ್ದಕ್ಕೆ ಸರಿಯಾಗಿ ಹೊಂದುತ್ತಿತ್ತು.

ಟಾರ್ಚ್ ಅಡ್ಡ ಹಿಡಿದೆ. ನೇರ ಹಿಡಿದರೆ ಏನೂ ಕಾಣಲ್ಲ, ಅಡ್ಡ ಹಿಡಿಯಬೇಕು. ಪ್ಯಾಡಿನ ಮೇಲೆ ಕೂದಲೆಳೆಯಂಥ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ, ಮುಂದಿನಿಂದ ಹಿಂದಕ್ಕೆ. ಬ್ಲಾಕನ್ನು ಕಾರ್ಖಾನೆಯಲ್ಲಿ ಬ್ರೋಚ್ ಮಾಡಿದಾಗ, ಅಂದರೆ ಹಲ್ಲಿನ ಸಾಲಿರುವ ಟೂಲಿನಿಂದ ಮಟ್ಟ ಮಾಡಿದಾಗ, ಬಿದ್ದ ಗುರುತು ಅದು. ಹಳೇ ನಂಬರನ್ನು ಉಜ್ಜಿ ಹೊಸದು ಕುಟ್ಟಿದ್ದರೆ ಈ ಗೆರೆ ಉಳಿಯಲ್ಲ. ಸ್ಯಾಂಡ್‌ಪೇಪರ್ ಹಾಕಿದ್ದರೆ ಗೆರೆ ಅಡ್ಡಾದಿಡ್ಡಿ ಇರುತ್ತದೆ. ಇಲ್ಲಿ ಅಕ್ಷರದ ಒಳಗೆ ಬಂದು ನಿಂತು, ಆಚೆ ಬದಿಯಿಂದ ಮತ್ತೆ ಮುಂದುವರಿದಿತ್ತು. ನನ್ನ ಪೀಣ್ಯದ ಕಣ್ಣು ಅಲ್ಲೇ ಹೇಳಿತು, ಇದು ಮುಟ್ಟದ ಪ್ಯಾಡ್ ಅಂತ.

ಆಮೇಲೆ ಬ್ಲಾಕಿನ ಹಿಂಭಾಗದಲ್ಲಿ ಎರಕದ ದಿನಾಂಕ. ಅದನ್ನು ನೋಡೋಕೆ ಸಣ್ಣ ಕನ್ನಡಿ ಬೇಕು, ಕತ್ತು ಉಳುಕಬೇಕು. ಐ 17 9. 'ಎ' ಜನವರಿ, 'ಬಿ' ಫೆಬ್ರವರಿ, ಹೀಗೆ ಎಣಿಸಿದರೆ 'ಐ' ಸೆಪ್ಟೆಂಬರ್. 17ನೇ ತಾರೀಕು, 1969.

ಈ ಕಾರುಗಳಲ್ಲಿ ಒಂದು ಸರಳ ಲೆಕ್ಕ ಇದೆ. ಮೊದಲು ಬ್ಲಾಕ್ ಎರಕ ಆಗಬೇಕು, ಆಮೇಲೆ ಇಂಜಿನ್ ಜೋಡಣೆ, ಆಮೇಲೆ ಕಾರು. ಮಗು ಹುಟ್ಟಿದ ಮೇಲೆ ನಾಮಕರಣ, ಅದಕ್ಕಿಂತ ಮುಂಚೆ ಅಲ್ಲ. ಹಾಗಾಗಿ ಕಾರು ಯಾವಾಗ ಆಯಿತು ಅಂತ ನೋಡಲು ಬಾನೆಟ್ ಕೆಳಗೆ ಫೈರ್‌ವಾಲ್ (ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಮೇಲಿನ ತಗಡಿನ ಪಟ್ಟಿ ನೋಡಿದೆ. ಕೌಲ್ ಟ್ಯಾಗ್ ಅಂತ ಅದಕ್ಕೆ ಹೆಸರು. ಎರಡು ಮೂರು ಸಲ ಬಣ್ಣ ಬಿದ್ದು ಮಂದವಾಗಿತ್ತು. 10ಬಿ ಅಂತ ಓದಿದೆ. ಹತ್ತನೇ ತಿಂಗಳು, ಎರಡನೇ ವಾರ.

ಅಕ್ಟೋಬರ್ 1968, ಅಂದುಕೊಂಡೆ.

69ರ ಮಾಡೆಲ್ ಶುರುವಾಗೋದು ಹಿಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೆ. ಬೇಸಿಗೆಯ ಕೊನೆಗೆ ಮುಗಿಯುತ್ತದೆ. ಇಲ್ಲಿ ಎಲ್ಲ ಕಾರಿಗೂ ಅದೇ ಪದ್ಧತಿ. ಅಂದಮೇಲೆ 69ರ ಮಾಡೆಲಿನ ಅಕ್ಟೋಬರ್ ಅಂದರೆ 1968ರದ್ದೇ. ಹಾಗಾದರೆ ಈ ಇಂಜಿನ್ ಕಾರಿಗಿಂತ ಹನ್ನೊಂದು ತಿಂಗಳು ಆಮೇಲೆ ಹುಟ್ಟಿದೆ. ಆದರೂ ಕಾರಿನ ನಂಬರ್ ಹೊತ್ತಿದೆ. ಅಂದರೆ ಯಾರೋ ಕುಟ್ಟಿದ್ದಾರೆ. ಗೆರೆಗಳು? ಈಗ ಬ್ರೋಚ್ ಗೆರೆಯನ್ನೂ ನಕಲು ಮಾಡುವ ಕೈಚಳಕದವರು ಇದ್ದಾರೆ, ಅಂಥವರದ್ದೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಇಂಜಿನ್ ಮೇಲಿನ ನಂಬರ್ ಕಾರ್ಖಾನೆಯದ್ದಲ್ಲ ಎಂಬ ಅನುಮಾನ ಬಲವಾಗಿದೆ" ಅಂತ ರಿಪೋರ್ಟಲ್ಲಿ ಬರೆದೆ. ಮೃದುವಾಗಿ ಬರೆದೆ ಅಂತ ಹೆಮ್ಮೆ ಬೇರೆ. ಕೊಳ್ಳುವವರು ಅವತ್ತೇ ಹಿಂದೆ ಸರಿದರು. ಮಾರುವವರಿಗೂ ವಿಷಯ ಮುಟ್ಟಿತು. ಅವರು ಫೋನ್ ಮಾಡಲಿಲ್ಲ, ಜಗಳ ಆಡಲಿಲ್ಲ. ಜಗಳ ಆಡಿದ್ದರೇ ಚೆನ್ನಾಗಿತ್ತು.

ನಮ್ಮ ಶಾಪಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಮನಸ್ಸಲ್ಲಿ ನಾನು ಅವರನ್ನು ತಾತ ಅಂತಲೇ ಕರೆಯೋದು. ವಾರ ಕಳೆದ ಮೇಲೆ ಕಾಫಿ ಕುಡಿಯುತ್ತಾ ಸುಮ್ನೆ ಫೋಟೋ ನೋಡುತ್ತಿದ್ದರು. ಕೌಲ್ ಟ್ಯಾಗಿನ ಫೋಟೋ ಬಂದಾಗ ಬೆರಳು ನಿಂತಿತು.

"ಇದರಲ್ಲಿ ವರ್ಷ ಎಲ್ಲಿದೆ ತೋರಿಸು" ಅಂದರು.

ನೋಡಿದೆ. ತಿಂಗಳಿದೆ, ವಾರ ಇದೆ. ವರ್ಷ ಇಲ್ಲ. ಮೇಲೆ 69 ಅಂತ ಇರೋದು ಮಾಡೆಲ್ ವರ್ಷ, ತಯಾರಾದ ವರ್ಷ ಅಲ್ಲ.

"ಆ ಕೆಳಗಡೆ ಏನಿದೆ?"

ಎಕ್ಸ್33.

ನನ್ನ ಮುಖ ಬಿಸಿಯಾಯಿತು. ಎಕ್ಸ್ ಕೋಡ್ ನನಗೆ ಗೊತ್ತಿರಲಿಲ್ಲ ಅಂತಲ್ಲ. ಆ ಟ್ಯಾಗಲ್ಲಿ ಝೀ28 ಗುರುತಿಸುವ ಎರಡೇ ಕೋಡ್ ಅಂದರೆ ಎಕ್ಸ್33, ಎಕ್ಸ್77. ಸ್ಟೈಲ್ ಟ್ರಿಮ್ (ಹೊರಗಿನ ಅಲಂಕಾರ) ಇದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು. ರಿಪೋರ್ಟಲ್ಲಿ ಅದನ್ನು ಬರೆದೂ ಇದ್ದೆ. ಆದರೆ ನಾರ್ವುಡ್‌ನಲ್ಲಿ ಎಕ್ಸ್ ಕೋಡ್ ಹಾಕೋಕೆ ಶುರು ಮಾಡಿದ್ದೇ 1968ರ ಡಿಸೆಂಬರ್ ಆಸುಪಾಸು. 1968ರ ಅಕ್ಟೋಬರಿನ ಟ್ಯಾಗಲ್ಲಿ ಅದು ಇರೋಕೇ ಸಾಧ್ಯ ಇಲ್ಲ.

1969ರ ಕಮಾರೊಗೆ ಎರಡು ಅಕ್ಟೋಬರ್ ಇದೆ. ಹೊಸ ಮೈಕಟ್ಟಿನ 1970ರ ಕಮಾರೊ ತಯಾರಾಗೋದು ತಡವಾಯಿತು, ಅದು ಬಂದದ್ದು 1970ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಷೋರೂಮ್ ಖಾಲಿ ಬಿಡೋಕಾಗುತ್ತಾ? 69ರ ಕಾರನ್ನೇ ನವೆಂಬರ್‌ವರೆಗೆ ಎಳೆದರು. ಉಳಿದ ಹೆಚ್ಚಿನ ಷೆವರ್ಲೆಗಳು 70ನೇ ಮಾಡೆಲಿಗೆ ದಾಟಿದ್ದಾಗ ಕಮಾರೊ ಹಳೇ ವರ್ಷದಲ್ಲೇ ನಿಂತಿತ್ತು. ಅಧಿಕ ಮಾಸ ಬಂದ ವರ್ಷದ ಹಾಗೆ.

ಆಮೇಲೆ ನೋಡಿದರೆ ಸಾಕ್ಷಿಗಳು ಸಾಲಾಗಿ ಕೂತಿದ್ದವು. ನಾರ್ವುಡ್‌ನ ಸರಣಿ 500001ರಿಂದ ಶುರು. ಈ ಕಾರಿನದ್ದು ಏಳು ಲಕ್ಷದ ಹತ್ತಿರ ಇತ್ತು. ಸೀಟಿಗೆ ಹೆಡ್‌ರೆಸ್ಟ್ ಇತ್ತು. 1969ರ ಜನವರಿ 1ರಿಂದ ಕಾನೂನಿನ ಪ್ರಕಾರ ಅದು ಕಡ್ಡಾಯ, ಅದಕ್ಕೆ ಮುಂಚೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್. ಇದೊಂದೇ ಸಾಲದು, ಆದರೆ ಕಥೆಗೆ ಹೊಂದುತ್ತದೆ. ಇಂಜಿನ್ನಿನ ಕೊನೆಯ ಎರಡು ಅಕ್ಷರವೂ ಅಷ್ಟೇ. 70ನೇ ಮಾಡೆಲಿಗೆ ಷೆವರ್ಲೆ ಮೂರಕ್ಷರದ ಕೋಡ್ ತಂದಿತು. 70ರ ಝೀ28, ನಾಲ್ಕು ಗೇರಿನದ್ದು, 'ಸಿಟಿಬಿ'. ಸೆಪ್ಟೆಂಬರ್ 69ರಲ್ಲಿ ಜೋಡಿಸಿದ ಇಂಜಿನ್ನಿಗೆ ಎರಡೇ ಅಕ್ಷರ ಇದ್ದರೆ, ಅದು ಇನ್ನೂ ಮುಗಿಯದ 69ರ ಕಾರಿಗೇ ಹೋಗಬೇಕಿತ್ತು. ಸೆಪ್ಟೆಂಬರ್ 17ಕ್ಕೆ ಎರಕ, 25ಕ್ಕೆ ಜೋಡಣೆ, ಅಕ್ಟೋಬರ್ ಎರಡನೇ ವಾರಕ್ಕೆ ಕಾರು. ಇದಕ್ಕಿಂತ ನೆಟ್ಟಗಿನ ಲೆಕ್ಕ ಯಾವ ಕಾರಲ್ಲೂ ನಾನು ನೋಡಿಲ್ಲ. ಅದನ್ನೇ ಸುಳ್ಳು ಅಂತ ಬರೆದಿದ್ದೆ.

ಅವತ್ತೇ ತಿದ್ದುಪಡಿ ಬರೆದು ಇಬ್ಬರಿಗೂ ಕಳಿಸಿದೆ. ಕೊಳ್ಳುವವರು ಅಷ್ಟರಲ್ಲಿ ಬೇರೆ ಕಾರಿಗೆ ಮುಂಗಡ ಕೊಟ್ಟಾಗಿತ್ತು. ಮಾರುವವರ ಮನೆಗೆ ನಾನೇ ಹೋದೆ. ಇಮೇಲಲ್ಲಿ ಕ್ಷಮೆ ಕೇಳೋದು ಸರಿ ಕಾಣಲಿಲ್ಲ. ಅವರು ಒಳಗೆ ಹೋಗಿ ಅಡುಗೆಮನೆಯ ಡ್ರಾಯರಿಂದ ಒಂದು ವಾರಂಟಿ ಪುಸ್ತಕ ತಂದರು. ಹಿಂದೆ ಲೋಹದ ಸಣ್ಣ ತಗಡು ಅಂಟಿತ್ತು, ಪ್ರೊಟೆಕ್ಟ್-ಒ-ಪ್ಲೇಟ್. ಚಾಸಿಸ್ ನಂಬರ್, ಇಂಜಿನ್ ಕೋಡ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಅದರಲ್ಲಿ ಉಬ್ಬಕ್ಷರದಲ್ಲಿ ಇರುತ್ತವೆ. ಷೆವರ್ಲೆ ಕಾರಿಗೆ ಇದಕ್ಕಿಂತ ಒಳ್ಳೆ ಕಾಗದ ಕಷ್ಟ. ಪಾಂಟಿಯಾಕ್‌ಗಾದರೆ ಹಳೇ ಬಿಲ್ಲಿಂಗ್ ದಾಖಲೆ ಇಂದಿಗೂ ಸಿಗುತ್ತದೆ, ಅಮೆರಿಕದಲ್ಲಿ ಮಾರಿದ ಸಾಮಾನ್ಯ ಕಮಾರೊಗೆ ಅಂಥದ್ದು ಇಲ್ಲ.

"ಥ್ಯಾಂಕ್ಸ್‌ಗಿವಿಂಗ್ ಹಿಂದಿನ ವಾರ ಷೋರೂಮಿಂದ ತಂದದ್ದು. ಮದುವೆಗೆ ಮುಂಚೆ" ಅಂದರು. ಆ ಹಬ್ಬ ಬರೋದು ನವೆಂಬರ್ ಕೊನೆಗೆ. "ನೀವು ಮೂರು ಗಂಟೆ ಕಾರಿನ ಕೆಳಗೇ ಇದ್ದಿರಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ."

ಏನು ಹೇಳಲಿ? ನಾನು ಬೇಕಂತಲೇ ಕೇಳಿರಲಿಲ್ಲ. ಮಾರುವವರ ಕಥೆ ಕೇಳಿದರೆ ಮನಸ್ಸು ವಾಲುತ್ತದೆ ಅಂತ ನನ್ನ ನಿಯಮ. ಅಲ್ಲಿಯವರೆಗೆ ಅದು ಬುದ್ಧಿವಂತಿಕೆ ಅಂದುಕೊಂಡಿದ್ದೆ. ಈಗ ಮೊದಲು ಕಬ್ಬಿಣ ನೋಡುತ್ತೇನೆ, ಬರೆದುಕೊಳ್ಳುತ್ತೇನೆ, ಆಮೇಲೆ ಕೂತು ಕೇಳುತ್ತೇನೆ. ಎರಡೂ ಹೊಂದದಿದ್ದರೆ ಮೊದಲು ನನ್ನ ಓದನ್ನೇ ಅನುಮಾನಿಸುತ್ತೇನೆ. ಫಾರಂನಲ್ಲಿ ಟ್ಯಾಗ್ ದಿನಾಂಕದ ಪಕ್ಕ "ವರ್ಷ: ಯಾವ ಆಧಾರದ ಮೇಲೆ?" ಅಂತ ಒಂದು ಖಾನೆ ಸೇರಿಸಿಕೊಂಡಿದ್ದೇನೆ.

ಅದೇ ಎಕ್ಸ್33 ಹೋದ ವರ್ಷ ಇನ್ನೊಂದು ಕಾರಲ್ಲಿ ಸಿಕ್ಕಿತು. ಹೊಳೆಯುವ ಟ್ಯಾಗು, ಅಕ್ಷರ ಮುತ್ತಿನಂತೆ. ಆದರೆ ಟ್ಯಾಗಲ್ಲಿ ಕಾರ್ಖಾನೆ ಜಾಗದಲ್ಲಿ 'ಎಲ್‌ಒಎಸ್' ಅಂತಿತ್ತು, ಅಂದರೆ ಲಾಸ್ ಏಂಜಲೀಸ್ ಕಡೆಯ ವ್ಯಾನ್ ನೈಸ್ ಪ್ಲಾಂಟ್. ಅಲ್ಲಿ ಎಕ್ಸ್ ಕೋಡ್ ಹಾಕುತ್ತಲೇ ಇರಲಿಲ್ಲ. ಹೀಟರಿನ ಪಕ್ಕ ಫೈರ್‌ವಾಲಲ್ಲಿ ಏರ್ ಕಂಡಿಷನರ್ ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿದ್ದರು. ಝೀ28ಗೆ ಏಸಿ ಕೊಡುತ್ತಲೂ ಇರಲಿಲ್ಲ. ಎರಡು ಸಾಕ್ಷಿ, ಎರಡೂ ಒಂದೇ ಕಡೆ ಕೈ ತೋರಿಸುತ್ತಿದ್ದವು. ಆದರೂ ರಿಪೋರ್ಟ್ ಬರೆಯುವ ಮುಂಚೆ ಒಂದು ರಾತ್ರಿ ಕಾದೆ.

ಟೂಲ್‌ಮೇಕರ್ ಕಾರು ಮುಂದಿನ ವಸಂತದಲ್ಲಿ ಮಾರಾಟವಾಯಿತು, ಒಳ್ಳೇ ಬೆಲೆಗೇ. ಇನ್‌ಸ್ಪೆಕ್ಷನ್‌ಗೆ ಬಂದವರು ಬೇರೆ ಯಾರೋ.